ವೈಷ್ಣವಿಯ ಎಡಗೆನ್ನೆ

ಏಪ್ರಿಲ್ 4, 2011. ನಿಲಂಗಾ

ಬೆಳಿಗ್ಗೆ ಐಬ್ರೋ ಮೂರು, ಫೇಶಿಯಲ್ ಒಂದು. ಮದುವೆ ಸೀಜನ್. ಊಟಕ್ಕೂ ಪುರುಸೊತ್ತಿಲ್ಲ. ವಿಮೆ ಏಜೆಂಟ್ ಧನರಾಜ ಮತ್ತೆ ಬಂದಿದ್ದ. ಅಂಗಡಿ ಕುಸಿದರೆ ದುಡ್ಡು ಕೊಡುವ ಪಾಲಿಸಿ ಎಂದುಕೊಂಡೆ — ತೊಂಬತ್ಮೂರರ ಭೂಕಂಪ ಕಂಡ ನಮ್ಮ ಕಡೆಯವರಿಗೆ ಮೊದಲು ಹೊಳೆಯುವುದೇ ಅದು.

"ಅದು ಬ್ಯಾರೆ ರೀ ಭುವನೇಶ್ವರಿ ಅಕ್ಕಾ. ಇದು ನಿಮ್ಮ ಕೈಲಿಂದ ಗಿರಾಕಿಗಿ ಏನರೆ ಆದ್ರ. ಅವರ ದವಾಖಾನಿ, ಕೋರ್ಟು, ಎಲ್ಲಾ ಕಂಪನಿ ನೋಡ್ಕೋತದ."

"ಹನ್ನೆರಡು ವರ್ಷ ಆತು ಪಾರ್ಲರ್ ಹಾಕಿ. ನನ್ನ ಕೈಲಿಂದ ಯಾರಿಗಿ ಏನಾಗ್ಯದ ಹೇಳಪಾ?"

ಚಹಾ ಕುಡಿಸಿ ಕಳಿಸಿದೆ.

ಏಪ್ರಿಲ್ 19

ಗುಂಜೋಟಿಯ ವೈಷ್ಣವಿ ಬಂದಿದ್ದಳು, ತಾಯಿ ಶಿವಗಂಗಾಬಾಯಿ ಜೊತೆ. ಹತ್ತು ದಿನಕ್ಕೆ ಮದುವೆ, ಉದಗೀರದ ಹುಡುಗ. ಮುಖ ಬೆಳ್ಳಗಾಗಲು ಬ್ಲೀಚ್ ಬೇಕು ಅಂದಳು. ಹೊಸ ಡಬ್ಬಿ, ಹಿಂದೆ ಬಳಸಿದ್ದಲ್ಲ. ಕಿವಿಯ ಹಿಂದೆ ಚೂರು ಹಚ್ಚಿ ಒಂದು ದಿನ ಕಾಯಬೇಕು — ಗೊತ್ತಿತ್ತು. ಬಸ್ಸಿನ ಹೊತ್ತಾಗುತ್ತದೆ ಅಂದರು. ಹಚ್ಚಿಬಿಟ್ಟೆ.

"ಉರಿತದ ರೀ" ಅಂದಳು.

ಸ್ವಲ್ಪ ತಡಿ ಅಂದೆ. ಸ್ವಲ್ಪ ತಡಿ ಅಂದೆ...

ಏಪ್ರಿಲ್ 21

ಎಡಗೆನ್ನೆ ಬೊಬ್ಬೆ ಎದ್ದು ಸುಲಿದಿದೆ. ಕಣ್ಣು ಬಾತು ಮುಚ್ಚಿಹೋಗಿದೆ. ಶಿವಗಂಗಾಬಾಯಿ ಮಗಳ ಕೈ ಹಿಡಿದು ಅಂಗಡಿ ಬಾಗಿಲಲ್ಲೇ ನಿಂತರು.

"ಏನ್ ಹಚ್ಚಿದ್ರಿ ನನ್ ಮಗಳಿಗಿ?"

ಒಳಗೆ ನಾಲ್ಕು ಜನ ಗಿರಾಕಿಗಳು. ಪೊಲೀಸ್, ಕೋರ್ಟು, ಅಂಗಡಿ... ಎಲ್ಲ ಒಮ್ಮೆಲೇ ಕಣ್ಣ ಮುಂದೆ. ಬಾಯಿಂದ ಬಂದದ್ದು — "ಎಲ್ಲಾರಿಗೂ ಅದೇ ಹಚ್ಚತೀನಿ ರೀ. ಆಕಿ ಚರ್ಮಾನೇ ಖರಾಬ್ ಅದ."

ನಾಲ್ಕೂ ಜನ ಕೇಳಿಸಿಕೊಂಡರು.

ಏಪ್ರಿಲ್ 27

ಉದಗೀರದವರು ಮದುವೆ ಮುರಿದರು. ಹುಡುಗಿಗೆ ಚರ್ಮರೋಗವಂತೆ. ಪಾರ್ಲರಿನಾಕೆಯೇ ಹೇಳಿದ್ದಾಳೆ ಅಂದರಂತೆ.

ಮೇ 6

ಒಂಬತ್ತು ದಿನ ಅಂಗಡಿ ತೆಗೆದಿಲ್ಲ. ಧನರಾಜನನ್ನು ನಾನೇ ಕರೆಸಿದೆ.

"ಈಗ ಪಾಲಿಸಿ ಮಾಡಿಸಿದ್ರ ವೈಷ್ಣವಿಗಿ ಏನರೆ ಸಿಗ್ತದೇನು?"

"ಆಗಿ ಹೋದದ್ದಕ್ಕ ಸಿಗಂಗಿಲ್ಲ ಅಕ್ಕಾ. ಮುಂದಿಂದಕ್ಕ."

"ಆಡಿದ ಮಾತಿಗಿ?"

ಫಾರಂ ನನ್ನ ಮುಂದೆ ಸರಿಸಿದ.

ಸಹಿ ಮಾಡಿದೆ. ಮೊದಲ ದಿನದಿಂದಲೇ ಬೇಕಿತ್ತು. ನನ್ನ ಕೈಯನ್ನೇ ನಂಬಿ ಕೂತಿದ್ದೆ.

ಮೇ 8

ಗುಂಜೋಟಿಗೆ ಹೋದೆ. ವೈಷ್ಣವಿ ಗೋಡೆ ಕಡೆ ಮುಖ ಮಾಡಿ ಮಲಗಿದ್ದಳು.

"ತಪ್ಪು ನಂದವ್ವಾ. ಮೊದಲ ಹಚ್ಚಿ ನೋಡಬೇಕಿತ್ತು, ನೋಡಲಿಲ್ಲ. ಅಂಜಿ ಸುಳ್ಳು ಹೇಳಿದೆ."

ಮೆಲ್ಲಗೆ ನನ್ನ ಕಡೆ ಹೊರಳಿದಳು. ಆಮೇಲೆ — "ಹಂಗಾದ್ರ ನನಗ ರೋಗ ಇಲ್ಲ?"

"ಇಲ್ಲ."

"ಉದಗೀರಕ್ಕ ಅವರ ಮನಿಗಿ ಬಂದು ಹೇಳ್ತೀರೇನ್ರಿ?"

ಮೇ 9. ಉದಗೀರ ಬಸ್ ಸ್ಟ್ಯಾಂಡ್, ಮಧ್ಯಾಹ್ನ

ವೈಷ್ಣವಿಯನ್ನು ಇಲ್ಲೇ ಕೂರಿಸಿ ಒಬ್ಬಳೇ ಹೋಗಿದ್ದೆ, ಪುಣ್ಯ. ಹುಡುಗನ ಮನೆ ಮುಂದೆ ಮದುವೆ ಹಂದರ. ಬೇರೆ ಹುಡುಗಿ. ನಾಡಿದ್ದು ಮದುವೆ. ಆದರೂ ಒಳಗೆ ಹೋದೆ, ಹುಡುಗನ ತಾಯಿ ಪ್ರಯಾಗಬಾಯಿಗೆ ಎಲ್ಲ ಹೇಳಿದೆ. ಅರಿಶಿನ ಕಲಸುತ್ತಲೇ ಕೇಳಿದರು.

"ನೀವ ಅಂದ್ರಿ ಅಂತನ ಬಿಟ್ಟೇವು. ಈಗ ಇದನ್ನ ನಾ ಯಾರಿಗಿ ಹೇಳ್ಲಿ?"

ಮರಳಿ ಬಂದೆ. ಆಚೆ ಬೆಂಚಿನಲ್ಲಿ ವೈಷ್ಣವಿ, ಮುಖ ಮುಚ್ಚುವಂತೆ ಓಢಣಿ ಹೊದ್ದುಕೊಂಡು. ಇನ್ನೂ ನನ್ನನ್ನು ನೋಡಿಲ್ಲ. ಹತ್ತಿರ ಹೋಗದೆ ಇದನ್ನು ಬರೆಯುತ್ತ ಕೂತಿದ್ದೇನೆ.

ನೋಡಿದಳು. ಎದ್ದಳು. ಅಷ್ಟು ಜನರ ನಡುವೆ ಓಢಣಿ ಸರಿಸಿ ಬರುತ್ತಿದ್ದಾಳೆ. ಎಲ್ಲ ಸರಿಹೋಯಿತು ಅಂದುಕೊಂಡಿರಬೇಕು, ನಗುತ್ತಿದ್ದಾಳೆ... ಏನಂತ ಹೇಳಲಿ?