ಸಜೀವನ್ ಅಳತೆಯ ಅಡುಗೆಮನೆ

ತೋಲ್ಪೆಟ್ಟಿ
6 ಫೆಬ್ರವರಿ 2025, ಗುರುವಾರ ಮಧ್ಯಾಹ್ನ

ಪ್ರೀತಿಯ ಅವ್ವಾ,

ಹೇಗಿದ್ದೀಯ? ಎಡಮಂಡಿಯ ನೋವು ಕಡಿಮೆಯಾಯಿತಾ? ಮಗುವಿಗೆ ನೀರು ಹಾಕಿದ ಮೇಲೆ ನೀನು ಒದ್ದೆ ಸೀರೆಯಲ್ಲೇ ಕೂತಿರುತ್ತೀಯ, ಹಾಗೆ ಕೂರಬೇಡ ಅಂತ ಬರೆ ಎಂದು ಅಪ್ಪ ಹೇಳಿದ್ದಾನೆ, ಬರೆದಿದ್ದೇನೆ. ಅಕ್ಕ, ಭಾವ ಚೆನ್ನಾಗಿದ್ದಾರೆ ತಾನೆ. ಮಗು ಮಗುಚಿಕೊಳ್ಳುತ್ತಿದೆಯಂತೆ, ಐದು ತಿಂಗಳು ತುಂಬಿತಲ್ಲ. ಅಕ್ಕನಿಗೆ ಫೋನು ಮಾಡಿದಾಗೆಲ್ಲ ನಿನಗೂ ಕೊಡು ಅನ್ನುತ್ತೇನೆ. ನೀನು "ಊಟ ಆಯ್ತಾ ಮಗ" ಅಂತ ಕೇಳಿ, ನಾನು ಉತ್ತರ ಹೇಳುವ ಮೊದಲೇ ಫೋನನ್ನು ಅವಳ ಕೈಗೆ ಕೊಟ್ಟಿರುತ್ತೀಯ. ಅದಕ್ಕೇ ಈ ಕಾಗದ. ಚಿಕ್ಕಮಾದು ಮಾವ ಎಚ್.ಡಿ. ಕೋಟೆ ಕಡೆ ಗುತ್ತಿಗೆಗೆ ಹಿಡಿದಿರುವ ಶುಂಠಿ ಹೊಲ ನೋಡಲು ಇವತ್ತು ಜೀಪಿನಲ್ಲಿ ಹೊರಟಿದ್ದಾನೆ, ಸರಗೂರಿಗೆ ಬಂದು ಕೊಡುತ್ತಾನೆ. ಅಕ್ಕನ ಕೈಯಲ್ಲಿ ಓದಿಸು, ಭಾವ ಇಲ್ಲದ ಹೊತ್ತಿನಲ್ಲಿ.

ಅಪ್ಪ ಚೆನ್ನಾಗಿದ್ದಾನೆ. ಆನೆ ಕಾವಲಿಗೆ ಹೋಗುವವರಿಗೆ ಅರಣ್ಯದವರ ಶೆಡ್ಡಿನಲ್ಲೇ ಗಂಜಿ ಆಗುತ್ತದೆ, ಅಲ್ಲೇ ಉಂಡು ಬರುತ್ತಾನೆ. ನಾನು ಮಾನಂದವಾಡಿಯಲ್ಲಿ ಹೋಟೆಲು ಊಟ. ನೀನು ನಗಬೇಡ, ಇದನ್ನು ಬರೆಯಲು ಕೂತ ಮೇಲೆ ನಾಲ್ಕು ಸಲ ಎದ್ದು ಅಂಗಳಕ್ಕೆ ಹೋಗಿ ಬಂದಿದ್ದೇನೆ. ಶಾಂತರಾಜು ಅಂತ ಹೆಸರಿಟ್ಟವರನ್ನು ಹಿಡಿದು ಕೇಳಬೇಕು ಅನ್ನುತ್ತಿದ್ದೆಯಲ್ಲ, ಹಾಗೇ ಇದ್ದೇನೆ. ಹತ್ತನೇ ಕ್ಲಾಸಿನ ಮೇಲೆ ಬೇಕರಿ, ಬಸ್ಸಿನ ಕ್ಲೀನರು, ಕೋಳಿ ಅಂಗಡಿ, ಎಲ್ಲೂ ಆರು ತಿಂಗಳು ನಿಲ್ಲಲಿಲ್ಲ. ಶೈಲಜ ಮೇಡಂ ಹತ್ತಿರ ಮಾತ್ರ ಎರಡು ವರ್ಷವಾಯಿತು. ಅಲ್ಲಿ ದಿನವೂ ಬೇರೆ ಬೇರೆ ಮನೆಗೆ ಟೇಪು ಹಿಡಿದು ಹೋಗಬೇಕು, ಒಂದೇ ಕಡೆ ನಿಲ್ಲುವ ಕೆಲಸವೇ ಅಲ್ಲ, ಅದಕ್ಕೇ ಇರಬೇಕು.

ಮನೆಯ ಒಳಗು ಹೇಗಿರಬೇಕು ಅಂತ ಹೇಳಿಕೊಡುವುದಕ್ಕೂ ಯಾರಾದರೂ ದುಡ್ಡು ಕೊಡುತ್ತಾರಾ ಅಂತ ನೀನು ಒಂದು ಸಲ ಕೇಳಿದ್ದೆ. ಆವತ್ತು ಅವಸರದಲ್ಲಿ ಏನೋ ಹೇಳಿ ಹೋದೆ. ಈಗ ಸರಿಯಾಗಿ ಹೇಳುತ್ತೇನೆ, ಯಾಕೆಂದರೆ ಈ ಕಾಗದದ ಸಂಗತಿಯೇ ಅದು. ಯಾರಾದರೂ ಕರೆದರೆ ಮೇಡಂ ಮೊದಲು ಎರಡು ಸಾವಿರ ಫೀಸು ತೆಗೆದುಕೊಂಡೇ ಹೋಗುವುದು. ಆಮೇಲೆ ಕೆಲಸ ಕೊಡಲಿ ಬಿಡಲಿ, ಅದು ವಾಪಸ್ಸಿಲ್ಲ. ಹೋದವರು ಗೋಡೆ ನೋಡುವುದಿಲ್ಲ, ಒಂದು ಫಾರಂ ತೆಗೆದು ಮನೆಯಲ್ಲಿರುವ ಒಬ್ಬೊಬ್ಬರನ್ನೂ ಕೂರಿಸಿ ಕೇಳುತ್ತಾರೆ. ಎಷ್ಟು ಗಂಟೆಗೆ ಏಳುತ್ತೀರಿ, ಯಾವ ಕೈಯಲ್ಲಿ ಹೆಚ್ಚುತ್ತೀರಿ, ಕೂತು ಅಡುಗೆಯೋ ನಿಂತೋ, ಎದುರಿಗೆ ಏನು ಕಾಣಬೇಕು. ಹೀಗೆ ನಲವತ್ತು ಪ್ರಶ್ನೆ. ಆಮೇಲೆ ನಾನು ಅಳತೆ ತೆಗೆಯುತ್ತೇನೆ, ಅವರು ಚಿತ್ರ ಬರೆಯುತ್ತಾರೆ. ಚಿತ್ರಕ್ಕೆ ಚದರಡಿ ಲೆಕ್ಕ, ಮರಗೆಲಸ ನಡೆಯುವಾಗ ಬಂದು ನೋಡುವುದಕ್ಕೆ ಬೇರೆ. ಪ್ಲೈವುಡ್ ಅಂಗಡಿಯವರು ಕಮಿಷನ್ ಕೊಡುತ್ತೇವೆ ಅಂತ ಬಂದರೆ ಚಹಾ ಕುಡಿಸಿ ಕಳಿಸುತ್ತಾರೆ. ಕೋಝಿಕ್ಕೋಡಿನ ಒಂದು ದೊಡ್ಡ ಕಂಪನಿ ಚಿತ್ರ ಪುಕ್ಕಟೆ ಅನ್ನುತ್ತದೆ. ಪುಕ್ಕಟೆ ಏನಿಲ್ಲ, ಎಲ್ಲ ಹಲಗೆಯ ರೇಟಿನೊಳಗೆ ಸೇರಿಸಿರುತ್ತಾರೆ. ಅವರದು ಫಾರಂ ಇಲ್ಲ, ಪ್ರಶ್ನೆ ಇಲ್ಲ, ಆರು ಅಡುಗೆಮನೆ ತೋರಿಸಿ ಯಾವುದು ಬೇಕು ಅಂತ ಕೇಳುವುದು. ಆ ಕಂಪನಿಯವರೇ ನನ್ನನ್ನು ಕೆಲಸಕ್ಕೆ ಕರೆಯುತ್ತಿದ್ದಾರೆ, ಸೋಮವಾರದೊಳಗೆ ಹೇಳಬೇಕು. ಇರಲಿ, ಅದು ಆಮೇಲೆ.

ಹೋದ ಜುಲೈಯಲ್ಲಿ ಬತ್ತೇರಿಯಲ್ಲಿ ಒಂದು ಮನೆಗೆ ಹೋಗಿದ್ದೆವು. ಗುಂಡ್ಲುಪೇಟೆ ಕಡೆಯಿಂದ ಬಂದು ಅಂಗಡಿ ಇಟ್ಟವರು. ಮಗ, ಸೊಸೆ ಮೇಡಂ ಹತ್ತಿರ ಮಲಯಾಳದಲ್ಲೇ ಎಲ್ಲ ಹೇಳಿದರು. ಮೂಲೆಯಲ್ಲಿ ನಿಂಗಮ್ಮ ಅಂತ ಒಬ್ಬರು ಅಜ್ಜಿ ಕೂತಿದ್ದರು, ಅವರಿಗೆ ಕನ್ನಡ ಬಿಟ್ಟು ಬೇರೆ ಬರದು. "ಅವ್ವನ್ನ ಏನ್ ಕೇಳೋದು, ನಾವ್ ಹೇಳಿದ್ದೇ ಆಯ್ತು" ಅಂದ ಮಗ. ಮೇಡಂ ಪೆನ್ನು ಕೆಳಗಿಟ್ಟರು, ಅಮ್ಮನನ್ನು ಕೇಳದೆ ಫಾರಂ ಮುಗಿಯುವುದಿಲ್ಲ ಅಂದರು. ನಾನೇ ಒಂದೊಂದು ಪ್ರಶ್ನೆಯನ್ನೂ ಕನ್ನಡ ಮಾಡಿ ಕೇಳಿದೆ. ಅಜ್ಜಿ ಮೊದಮೊದಲು "ನಂದೇನದೆಯಪ್ಪ, ಎಂಗಾದ್ರೂ ಸರಿ" ಅಂದರು. ಆಮೇಲೆ ಶುರುವಾಯಿತು ನೋಡು. ರೊಟ್ಟಿ ತಟ್ಟುವಾಗ ಬೀದಿ ಕಾಣಬೇಕು. ಅವರೆಕಾಯಿ ಸುಲಿಯಲು ಕೂರುವ ಜಾಗ ಬೇಕು. ಸೊಸೆ ಎತ್ತರದವಳು, ಅವಳ ಕಟ್ಟೆ ತನಗೆ ಎಟುಕುವುದಿಲ್ಲ. ಅಜ್ಜಿಯನ್ನು ನಿಲ್ಲಿಸಿ ಮೊಣಕೈ ಎತ್ತರ ನಾನೇ ಅಳೆದೆ. ಮೊಣಕೈಗಿಂತ ನಾಲ್ಕು ಇಂಚು ಕೆಳಗೆ ಕಟ್ಟೆ ಇರಬೇಕು, ಅದು ಮೇಡಂ ಲೆಕ್ಕ. ಕಟ್ಟೆಯ ಒಂದು ಪಕ್ಕವನ್ನು ಅಜ್ಜಿಗಾಗಿಯೇ ತಗ್ಗಿಸಿದರು. ಕೆಲಸ ಮುಗಿದ ದಿನ ಅಜ್ಜಿ ನನ್ನ ಗಲ್ಲ ಹಿಡಿದು, "ನಿಮ್ಮವ್ವ ಪುಣ್ಯ ಮಾಡವ್ಳೆ ಕಣಪ್ಪ" ಅಂದರು.

ಅವ್ವಾ, ಆ ಅಜ್ಜಿಯ ಮೊಣಕೈ ಅಳೆದ ಅದೇ ತಿಂಗಳಲ್ಲೇ ನಾನು ನಿನ್ನ ಕಟ್ಟೆಯನ್ನು ಸುತ್ತಿಗೆಯಲ್ಲಿ ಒಡೆದದ್ದು.

ಅದರ ಜಾಗದಲ್ಲಿ ನಾನು ಜೋಡಿಸಿದ್ದು ಸಜೀವನ್ ಅಂತ ಒಬ್ಬ ಮಾಡಿಸಲು ಹೇಳಿ ಬಿಟ್ಟುಹೋದ ಕಪಾಟುಗಳನ್ನು, ನಿನಗೆ ನಾನು ಹೇಳಿರಲಿಲ್ಲ. ಆರಡಿ ಎರಡಿಂಚಿನ ಮನುಷ್ಯ, ತಾನೇ ಅಡುಗೆ ಮಾಡುತ್ತೇನೆ ಅಂತ ಮೂವತ್ತೆಂಟು ಇಂಚು ಎತ್ತರಕ್ಕೆ ಮಾಡಿಸಿದ್ದ. ಆಮೇಲೆ ಮನೆಯನ್ನೇ ಮಾರಿ ಹೋದ. ಮರಗೆಲಸದ ಆಶಾರಿಯ ಶೆಡ್ಡಿನಲ್ಲಿ ಧೂಳು ಹಿಡಿದಿದ್ದವು, ಅರ್ಧ ಬೆಲೆಗೆ ತಂದೆ. ಕೆಂಪಗೆ ಹೊಳೆಯುತ್ತಿದ್ದವು. ನಿನಗೆ ಆಶ್ಚರ್ಯ ಮಾಡಿಸಬೇಕು ಅಂತ ನೀನು ಕುಟ್ಟಕ್ಕೆ ಮದುವೆಗೆ ಹೋದ ಎರಡು ದಿನದಲ್ಲಿ ಜೋಡಿಸಿದೆ. ನಿಜ ಹೇಳುತ್ತೇನೆ, ಆಶ್ಚರ್ಯಕ್ಕಿಂತ ಹೆಚ್ಚಾಗಿ ನನಗೆ ಒಂದು ಫೋಟೋ ಬೇಕಿತ್ತು, ಇದು ನಾನೇ ಮಾಡಿದ ಕೆಲಸ ಅಂತ ತೋರಿಸಲು. ನೀನು ಮದುವೆಯಿಂದ ಬಂದು ಚೀಲ ಕೈಯಲ್ಲೇ ಹಿಡಿದು ಅಡುಗೆಮನೆಯ ನಡುವೆ ನಿಂತಿದ್ದೆ. ನಾನು ಫೋನು ಎತ್ತಿ "ಅವ್ವಾ, ಒಂಚೂರು ಆ ಕಡೆ ಹೋಗು" ಅಂದೆ. ನೀನು ಹೋದೆ. ಆ ಫೋಟೋ ನೋಡಿಯೇ ಕೋಝಿಕ್ಕೋಡಿನವರು ಕರೆದದ್ದು.

ಹನ್ನೊಂದು ದಿನ ನೀನು ಮಣೆಯ ಮೇಲೆ ನಿಂತು ಒಲೆ ಹಚ್ಚಿದೆ. ನಾನು ನೋಡಿದೆ, ಅಭ್ಯಾಸವಾಗುತ್ತದೆ ಅಂದುಕೊಂಡೆ. ಅಕ್ಕನ ಬಾಣಂತನಕ್ಕೆ ಹೊರಟ ದಿನ ಬಸ್ಸಿನ ಹತ್ತಿರ ನೀನು, "ಯಾರ್ ಮನೆ ಅಡಿಗೆಮನೇನೋ ಅದು, ನಾನು ನೆಂಟಳ ಥರ ಇದ್ದೆ" ಅಂದೆ. ನಾನು ನಕ್ಕೆ. ಹೋದ ವಾರ ಅಕ್ಕನ ಬಾಯಿಂದ ಬಂತು, "ಅವ್ವಂಗೆ ಆ ಮಣೆ ಹತ್ತೋ ಮನಸ್ಸಿಲ್ಲ ಕಣೋ, ಇಲ್ಲೇ ಇರ್ತೀನಿ ಅಂತಾಳೆ." ಅವತ್ತಿನಿಂದ ನನಗೆ ನಿದ್ದೆಯೂ ಇಲ್ಲ, ಕೂತಲ್ಲಿ ಕೂರುವುದೂ ಇಲ್ಲ.

ಮಂಗಳವಾರ ಮೇಡಂ ಮೇಜಿನ ಮೇಲೆ ಎರಡು ಸಾವಿರ ಇಟ್ಟು, ನಮ್ಮ ಮನೆಗೆ ಬನ್ನಿ ಅಂದೆ. ಬೇಡ ಅನ್ನುತ್ತಾರೆ ಅಂದುಕೊಂಡಿದ್ದೆ, ಎಣಿಸಿ ಡ್ರಾಯರಿಗೆ ಹಾಕಿದರು. "ನಮ್ಮ ಹುಡುಗ ಅಂತ ಫೀಸು ಬಿಟ್ರೆ ನೀನು ನನ್ನ ಮಾತು ಕೇಳಲ್ಲ ಮೋನೇ" ಅಂತ ಮಗನಿಗೆ ಹೇಳುವ ಹಾಗೆ ಹೇಳಿದರು. ನಿನ್ನೆ ಬಂದರು. ಬಾಗಿಲಲ್ಲೇ ನಿಂತು ಫಾರಂ ತೆಗೆದರು. ಅಮ್ಮ ಯಾವ ಕೈಯಲ್ಲಿ ಅರೆಯುತ್ತಾರೆ? ಬೆಳಗ್ಗೆ ಎದ್ದು ಮೊದಲು ಏನು ಮುಟ್ಟುತ್ತಾರೆ? ಕೂತಾಗ ಯಾವ ಕಡೆ ಮುಖ ಮಾಡುತ್ತಾರೆ? ನಿಂಗಮ್ಮನವರ ನಲವತ್ತು ಉತ್ತರ ನಾನು ಈಗಲೂ ಬಾಯಿಪಾಠ ಹೇಳುತ್ತೇನೆ ಅವ್ವಾ. ನಿನ್ನದು ಮೂರೂ ಗೊತ್ತಾಗಲಿಲ್ಲ. ಅಂಗಳದಿಂದ ಅಪ್ಪ, "ಎಡಗೈ. ಅವಳು ಎಡಚಿ" ಅಂದ. ಇಪ್ಪತ್ಮೂರು ವರ್ಷ ನಿನ್ನ ಕೈಯಲ್ಲಿ ಉಂಡವನು ನಾನು. ಮೇಡಂ ಫಾರಂ ಮಡಚಿ, "ಮೋನೇ, ಕ್ಲಯಂಟ್ ಇಲ್ಲದ ಮನೆಯಲ್ಲಿ ನನಗೇನು ಕೆಲಸ" ಅಂತ ಹತ್ತೇ ನಿಮಿಷಕ್ಕೆ ಹೊರಟರು. ಫೀಸು ವಾಪಸ್ಸು ಕೊಡಲಿಲ್ಲ. ಕೊಡಬಾರದು ಕೂಡ.

ಅವರು ಹೋದ ಮೇಲೆ ಅಪ್ಪ ನಿನ್ನ ಅರೆಯುವ ಕಲ್ಲು ತೋರಿಸಿದ. ನಾನು ಹಿತ್ತಲಿಗೆ ಎಸೆದದ್ದನ್ನು ಅವನು ತೊಳೆದು ಗೋಣಿ ಸುತ್ತಿ ಮಂಚದ ಕೆಳಗೆ ಇಟ್ಟಿದ್ದಾನೆ.

ಮಾವ ಬಂದು ಹಾರ್ನು ಹೊಡೆಯುತ್ತಿದ್ದಾನೆ. ಮಗುವಿಗೆ ಮುತ್ತು. ಅಕ್ಕ ಭಾವನನ್ನು ಕೇಳಿದೆ ಅಂತ ಹೇಳು. ನಿನ್ನ ಕಾಲಿಗೆ ಬಿದ್ದೆ ಅಂದುಕೋ.

ನಿನ್ನ ಮಗ
ಶಾಂತು

ಮರೆತಿದ್ದೆ: ಕಾಡು ದಾರಿಯ ಬಾವಲಿ ಗೇಟು ಸಂಜೆ ಆರಕ್ಕೆ ಮುಚ್ಚುತ್ತದಂತೆ, "ಏನ್ಲಾ, ಪುರಾಣ ಬರೀತಿದ್ದೀಯಾ" ಅಂತ ಮಾವ ಬೈಯುತ್ತಿದ್ದಾನೆ. ಸಜೀವನ್ ಕಪಾಟುಗಳನ್ನು ಇವತ್ತು ಬೆಳಗ್ಗೆ ಬಿಚ್ಚಿ ಹಾಕಿದ್ದೇನೆ, ಅಡುಗೆಮನೆ ಖಾಲಿ ಇದೆ. ನೀನು ಹೇಳುವ ತನಕ ಒಂದು ಮೊಳೆಯನ್ನೂ ಹೊಡೆಯುವುದಿಲ್ಲ. ಕೋಝಿಕ್ಕೋಡಿನವರಿಗೆ ಬರುವುದಿಲ್ಲ ಅಂತ ಈಗ ಫೋನು ಮಾಡಿದೆ. ಮೇಡಂ ಭಾನುವಾರ ಇನ್ನೊಂದು ಸಲ ಬರುತ್ತಾರೆ, ಕ್ಲಯಂಟ್ ಮನೆಯಲ್ಲಿದ್ದರೆ ಮಾತ್ರ, ಅಂದರೆ ನೀನು. ಕಾಗದದೊಳಗೆ ಒಂದು ದಾರ ಇಟ್ಟಿದ್ದೇನೆ. ನೆಲದಿಂದ ಮೊಣಕೈ ತನಕ ಅಕ್ಕನ ಹತ್ತಿರ ಅಳೆಸಿ ಗಂಟು ಹಾಕಿ ಮಾವನ ಕೈಗೆ ಕೊಡು, ಕೂತು ಅಡುಗೆ ಮಾಡುವುದಾದರೆ ಕೂತೇ ಅಳೆಸು. ದಾರ ಗಂಟಿಲ್ಲದೆ ಬಂದರೆ ನಿನಗೆ ಬರುವ ಮನಸ್ಸಿಲ್ಲ ಅಂತ ತಿಳಿದುಕೊಳ್ಳುತ್ತೇನೆ, ಏನೂ ಕೇಳುವುದಿಲ್ಲ. ಮಾವ ಶನಿವಾರ ವಾಪಸ್ಸು ಬರುವುದು. ನೀನೇ ಬರುವುದಾದರೆ ದಾರ ಬೇಡ, ಜೀಪಿನ ಮುಂದಿನ ಸೀಟು ಖಾಲಿ ಇಡಲು ಹೇಳಿದ್ದೇನೆ.