ರನ್‌ವೇಗೆ ಹೋದ ಬಡಗಣ ಮಡಿ

ಜವಳಗೇರಾ
ಭಾನುವಾರ, ೯ ಫೆಬ್ರವರಿ ೨೦೨೫

ಪ್ರೀತಿಯ ಅಣ್ಣಾ,

ನಿನ್ನ ಸೊಂಟನೋವು ಹೇಗಿದೆ? ವೈನಿ ಎಣ್ಣೆ ಹಚ್ಚಿ ತಿಕ್ಕುತ್ತಾರೋ, ಇಲ್ಲ ನಿನ್ನ ಗೊಣಗಾಟಕ್ಕೆ ಬೇಸತ್ತು ಕೈಬಿಟ್ಟಿದ್ದಾರೋ? ಅಮೂಲ್ಯಾಳ ಕೆಮ್ಮು ನಿಂತಿತೇ? ನಾನು ಚೆನ್ನಾಗಿದ್ದೇನೆ. ಶಾಲೆಗೆ ಹೋಗಿ ಪಾಠ ಮಾಡುತ್ತೇನೆ, ಬರುತ್ತೇನೆ, ಉಣ್ಣುತ್ತೇನೆ, ಮಲಗುತ್ತೇನೆ. ನೀನು ಲಿಂಗಸುಗೂರಿನಲ್ಲಿ ಮನೆ ಮಾಡಿದ ಮೇಲೆ ನನ್ನ ಫೋನ್ ಎತ್ತುವುದನ್ನೇ ಬಿಟ್ಟೆ. ಅದಕ್ಕೇ ಈ ಕಾಗದ. ನನ್ನ ಕೋಳಿಕಾಲಿನ ಅಕ್ಷರ ನೋಡಿ ನಗುವುದಕ್ಕಾದರೂ ಬಿಚ್ಚುತ್ತೀ ಎಂದುಕೊಂಡಿದ್ದೇನೆ.

ಇಲ್ಲಿಯ ಸುದ್ದಿ ಎಂದರೆ ರನ್‌ವೇಯದೇ. ದೊಡ್ಡ ವಿಮಾನ ಇಳಿಯಲು ಈಗಿರುವ ಉದ್ದ ಸಾಲದಂತೆ. ಮೂಡಣ ತುದಿಯಲ್ಲಿ ಕಾಲುವೆ ಇದೆ, ಅದನ್ನು ತಿರುಗಿಸಿದರೆ ಕೆಳಗಿನ ಹಳ್ಳಿಗಳಿಗೆ ನೀರು ತಪ್ಪುತ್ತದೆ. ಹಾಗಾಗಿ ಪಡುವಣ ತುದಿಯ ನಮ್ಮ ಹೊಲಕ್ಕೇ ಬಂದರು. ನಿನ್ನ ಸಹಿ ಇಲ್ಲದೆಯೂ ಹೊಲ ಹೋಯಿತು. ಕರೆಂಟಿನ ಕಂಬ ಕಿತ್ತರು, ಬೇವಿನ ಮರ ಕಡಿದರು. ನಮ್ಮ ಕಪ್ಪು ಎರೆಮಣ್ಣು ಮಾತ್ರ ಅವರಿಗೆ ಬಗ್ಗಲಿಲ್ಲ. ಮಳೆಗೆ ಉಬ್ಬುತ್ತದೆ, ಬಿಸಿಲಿಗೆ ಬಿರಿಯುತ್ತದೆ, ಮೇಲೆ ಏನು ಹಾಸಿದರೂ ಸೀಳಿಬಿಡುತ್ತದೆ. ಅದಕ್ಕೇ ಆಳುದ್ದ ಎರೆಯನ್ನೆಲ್ಲ ತೆಗೆದು, ಗಟ್ಟಿ ಮೊರಂ ಮಣ್ಣು ತುಂಬಿ, ರೋಲರ್ ಹೊಡೆಯುತ್ತಿದ್ದಾರೆ. ತೆಗೆದ ಎರೆ ಟಿಪ್ಪರ್‌ಗಳಲ್ಲಿ ಪಾಮನಕಲ್ಲೂರು ಕಡೆಯ ಹೊಲಗಳಿಗೆ ಹೋಗುತ್ತಿದೆ. ನಾನು ಬದುವಿನ ಮೇಲೆ ನಿಂತು ನೋಡುತ್ತೇನೆ. ಅಳು ಬರುವುದಿಲ್ಲ. ಒಳಗೆ ಏನೂ ಆಗುವುದಿಲ್ಲ, ಅದೇ ನನಗೆ ಹೆದರಿಕೆ.

ಅವ್ವನ ಸಮಾಧಿಯನ್ನು ಮೊದಲೇ ಬೇರೆಡೆಗೆ ಸಾಗಿಸಿಕೊಳ್ಳಿ ಎಂದು ಎಂಜಿನಿಯರ್ ಹೇಳಿದ್ದರು. ಒಳ್ಳೆಯ ಮನುಷ್ಯ, ಯಂತ್ರ ನಿಲ್ಲಿಸಿ, ಚಪ್ಪಲಿ ಬಿಟ್ಟು ನಿಂತರು. ಮೊನ್ನೆ ಶುಕ್ರವಾರ ಅಯ್ಯನವರನ್ನು ಕರೆಸಿ, ವಿಭೂತಿ, ಪತ್ರಿ ಇಟ್ಟು, ತೆಂಕಣ ಬದುವಿನ ಗದ್ದುಗೆ ಕಲ್ಲು ಎತ್ತಿಸಿದೆ. ಅವ್ವನನ್ನು ಮಣ್ಣಿನಲ್ಲಿ ಕೂರಿಸಿದಾಗ ನಾನಿನ್ನೂ ತೊಟ್ಟಿಲ ಕೂಸು. ಕಲ್ಲಿದ್ದಲ್ಲಿ ಅವ್ವ ಎಂದೇ ತಿಳಿದು ಬೆಳೆದವಳು. ಆಳುದ್ದ ಅಗೆದರು. ಅಕ್ಕಪಕ್ಕವೂ ಅಗೆದರು. ಎಲುಬಿಲ್ಲ, ಅವಳ ಅಂಗೈಯಲ್ಲಿಟ್ಟ ಲಿಂಗವೂ ಇಲ್ಲ. ಯಾರೂ ಎಂದೂ ಮುಟ್ಟದ ಗಟ್ಟಿ ನೆಲ. ಅಯ್ಯನವರು ನನ್ನ ಮುಖ ನೋಡಿದರು, ನಾನು ಗುಂಡಿ ನೋಡಿದೆ.

ಆಗ ಬುಡ್ಡೇಸಾಬ್ ಕಾಕಾ ಮೆಲ್ಲಗೆ ಬಾಯಿಬಿಟ್ಟ. ನಮ್ಮ ಹೊಲ ಮಟ್ಟ ಮಾಡಿದವನು ಅವನೇ ಅಲ್ಲವೇ? "ಜ್ವಾಳ ಬಿಟ್ಟು ನೆಲ್ಲು ಹಚ್ಚಿದ ವರ್ಷ ನಾ ಟ್ರ್ಯಾಕ್ಟರ್ ತಗೊಂಡು ಬಂದಾಗ ಕಲ್ಲು ಆಗಲೇ ಬದುವಿನ ಮ್ಯಾಲಿತ್ತವ್ವಾ. ಹಿಂದಿನ ದಿನ ನಿಮ್ಮಣ್ಣ ಒಬ್ಬನೇ ಹೊತ್ತು ತಂದು ಇಟ್ಟಾನ. ಎಲ್ಲಿಂದ ಅಂತ ನಾ ಕೇಳಲಿಲ್ಲ." ಭತ್ತಕ್ಕೆ ನೀರು ನಿಲ್ಲಬೇಕು, ನೆಲ ಮಟ್ಟವಾಗಿ ಮಡಿಗಳಾಗಬೇಕು, ನಡುವೆ ಕಲ್ಲಿದ್ದರೆ ನಡೆಯುವುದಿಲ್ಲ, ಅಷ್ಟು ನನಗೂ ಗೊತ್ತು. ನೀನು ಕಲ್ಲು ಸರಿಸಿದೆ, ಅವ್ವನನ್ನು ಸರಿಸಲಿಲ್ಲ. ಆಗ ನಾನಿನ್ನೂ ಚಿಕ್ಕವಳು, ಕಲ್ಲು ಮೊದಲು ಎಲ್ಲಿತ್ತೋ ನೆನಪಿಲ್ಲ. ಬುದ್ಧಿ ಬಂದಾಗಿನಿಂದ ಪ್ರತಿ ಎಳ್ಳಮಾವಾಸ್ಯೆಗೆ ಸಜ್ಜೆ ರೊಟ್ಟಿ, ಪುಂಡಿಪಲ್ಯ ಮಾಡಿಕೊಂಡು ಹೋಗಿ ಬರೀ ಕಲ್ಲಿಗೆ ಎಡೆ ಹಿಡಿದೆ. ನೀನು ಮಾತ್ರ ಕಲ್ಲಿಗೆ ಬೆನ್ನು ಹಾಕಿ, ಬಡಗಣಕ್ಕೆ ಮುಖ ಮಾಡಿ ಕೈ ಮುಗಿಯುತ್ತಿದ್ದೆ. "ಅವ್ವ ಇಲ್ಲಿ ಅದಾಳ, ಕಣ್ಣ ಕಾಣ್ಸಂಗಿಲ್ಲೇನು ನಿನಗ?" ಎಂದು ನಾನು ಕಾಡಿಸುತ್ತಿದ್ದೆ. ನೀನು ಬುತ್ತಿ ಗಂಟು ಎತ್ತಿಕೊಂಡು ಮುಂದೆ ನಡೆಯುತ್ತಿದ್ದೆ.

ಒಪ್ಪಿಗೆ ಪಡೆಯಲು ಸಾಹೇಬರು ಬಂದ ದಿನ, "ಯಾವ ಮಡಿ ಬೇಕಾದ್ರೂ ತಗೋರಿ, ಬಡಗಣ ಮಡಿ ಒಂದು ಬ್ಯಾಡ್ರಿ" ಎಂದು ಕೂಗಾಡಿದೆಯಲ್ಲ, ಅದು ಈಗ ಅರ್ಥವಾಯಿತು. ಎಲ್ಲರೆದುರು ನಾನು ಅದನ್ನು ಹಟ ಎಂದೆ, ನೀನು ಎದ್ದು ಹೋದೆ. ಈಗ ನಿನ್ನ ಮೇಲೆ ಸಿಟ್ಟು ಬರಬೇಕಿತ್ತು, ಬರುತ್ತಿಲ್ಲ. ಶುಕ್ರವಾರ ಮನೆಗೆ ಬಂದು ಕೈಕಾಲು ತೊಳೆದು ಮಕ್ಕಳ ಪರೀಕ್ಷೆಯ ಪೇಪರ್ ತಿದ್ದಿದೆ.

ವೈನಿಗೆ ನಮಸ್ಕಾರ, ಅಮೂಲ್ಯಾಳಿಗೆ ಅತ್ತೆಯ ಮುತ್ತು. ಸೊಂಟಕ್ಕೆ ಬಿಸಿನೀರಿನ ಶಾಖ ಕೊಡು, ಭಾರ ಎತ್ತಬೇಡ.

ನಿನ್ನ ತಂಗಿ,
ರಾಜಶ್ರೀ

ತಾ.ಕ.: ಬುಧವಾರ ಯಂತ್ರ ಬಡಗಣ ಮಡಿಗೆ ಇಳಿಯುತ್ತದೆ. ಮಡಿ ದೊಡ್ಡದು, ಜಾಗ ನಿನಗೊಬ್ಬನಿಗೇ ಗೊತ್ತು. ನೀನು ಬಾರದಿದ್ದರೆ ಅವ್ವ ಟಿಪ್ಪರ್‌ನಲ್ಲಿ ಪಾಮನಕಲ್ಲೂರಿನ ಯಾರದೋ ಹೊಲಕ್ಕೆ ಹೋಗುತ್ತಾಳೆ. ಅಂಚೆಗೆ ಹಾಕಿದರೆ ತಡವಾದೀತೆಂದು ಕಾಗದವನ್ನು ಬುಡ್ಡೇಸಾಬ್ ಕಾಕಾನ ಕೈಯಲ್ಲಿ ಕಳಿಸಿದ್ದೇನೆ. ಮಸ್ಕಿ ಮೇಲೆ ಬರುವ ಬಸ್ಸಿಗೆ ಅವನ ಜೊತೆಗೇ ಬಂದುಬಿಡು. ಯಾರಿಗೂ ಏನೂ ಹೇಳಬೇಡ. ನನ್ನೊಡನೆ ಮಾತೂ ಬೇಡ. ಅವ್ವ ಇರುವಲ್ಲಿಗೆ ಹೋಗಿ ನಿಂತುಕೋ, ಸಾಕು.