ಪೇರೆಂಟ್ಸ್ ಸಾಲಲ್ಲಿ ಕೂತವಳು

ಜೂನ್ 6, ಶನಿವಾರ

ಎಂದಿನಂತೆ ಒಂಬತ್ತಕ್ಕೆ ಹಲ್ಲಿನ ಕ್ಲಿನಿಕ್ ಬಾಗಿಲು ತೆಗೆದೆ. ಅಪಾಯಿಂಟ್‌ಮೆಂಟ್, ಬಿಲ್ಲು, ಹತ್ತಿ ಕಚ್ಚಿಕೊಂಡು ಅಳುವ ಮಕ್ಕಳಿಗೆ ಸಮಾಧಾನ. ಇಡೀ ದಿನ ಊರವರ ಬಾಯಿ ತೆರೆಸುವ ಕಡೆ ಕೆಲಸ. ನನ್ನದು ಮಾತ್ರ ಮುಚ್ಚಿಕೊಂಡೇ ಇರುತ್ತದೆ. ಇವತ್ತು ತೆರೆದೆ. ಡಾಕ್ಟರಿಗೆ ಹೇಳಿಯೇಬಿಟ್ಟೆ — ಈ ವರ್ಷ ಡಿಗ್ರಿಗೆ ಸೇರುತ್ತೇನೆ, ಹಿಸ್ಟರಿ ಓದುತ್ತೇನೆ, ಮಧ್ಯಾಹ್ನದ ಮೇಲೆ ಬಿಟ್ಟುಕೊಡಿ ಎಂದು. ನಲವತ್ತಮೂರು ವರ್ಷಕ್ಕೆ!

ಡಾಕ್ಟರು ಮಾಸ್ಕ್ ಕೆಳಗಿಳಿಸಿದರು. "ಈ ತಿಂಗಳೊಳಗೆ ಖಚಿತ ಮಾಡಮ್ಮ. ಮಧ್ಯಾಹ್ನಕ್ಕೆ ಬೇರೆಯವರನ್ನ ಇಟ್ಕೋತೀನಿ. ಆಮೇಲೆ ಹಿಂದೆಮುಂದೆ ನೋಡಬಾರದು."

ಹಿಂದೆಮುಂದೆ ನೋಡುವುದರಲ್ಲೇ ಅರ್ಧ ಆಯಸ್ಸು ಹೋಯಿತಲ್ಲ…

ಜೂನ್ 13

ಮಗಳ ಜೊತೆ ಹೊಸ ಕಾಲೇಜು ನೋಡಿ ಬಂದೆ. ಗಾಜಿನ ಬಾಗಿಲು, ಲಿಫ್ಟು, ಸಾಲು ಹೂಕುಂಡ. ಸ್ವಾಗತಕ್ಕೆ ನಿಂತಿದ್ದ ಹುಡುಗಿ ಫೈಲು ಮಗಳ ಕೈಗೆ ಕೊಟ್ಟು, "ಪೇರೆಂಟ್ಸ್ ಆ ಸಾಲಲ್ಲಿ ಕೂತ್ಕೊಳ್ಳಿ ಆಂಟಿ" ಎಂದಳು. ಸುಮ್ಮನೆ ಹೋಗಿ ಕೂತೂ ಬಿಟ್ಟೆ!

ಮಗಳು ಬಿಡಬೇಕಲ್ಲ. "ಸೇರೋದು ಅವರು ಕಣ್ರೀ. ಇವತ್ತು ಪೇರೆಂಟ್ ನಾನು."

ಅಲ್ಲಿಂದ ಶುರುವಾಯಿತು ಉಪಚಾರ. ಫ್ಯಾನಿನ ಕೆಳಗೆ ಕುರ್ಚಿ, ಜ್ಯೂಸು, ನನ್ನ ಜೊತೆ ಫೋಟೋ. ಬಾಯಿ ಬಿಟ್ಟರೆ "ಸೂಪರ್ ಆಂಟಿ!" ಮಾದರಿ ಕ್ಲಾಸಿನಲ್ಲಿ ಗಾಬರಿಗೆ ಶತಮಾನವನ್ನೇ ಹಿಂದುಮುಂದು ಹೇಳಿದೆ. ಅದಕ್ಕೂ ಚಪ್ಪಾಳೆ. ಒಬ್ಬರಾದರೂ ತಪ್ಪು ಅನ್ನಲಿಲ್ಲ. ಷೋಕೇಸಿನ ಗೊಂಬೆಯನ್ನು ಯಾರು ತಿದ್ದುತ್ತಾರೆ?

ಮನೆಯಲ್ಲಿ ಇವರು, "ಹೇಗಿತ್ತು?"

"ಮರ್ಯಾದೆ ಜಾಸ್ತಿ ಆಯ್ತು ರೀ."

"ಅದರಿಂದ್ಲೂ ಅಜೀರ್ಣ ಆಗುತ್ತಾ?"

ಆಗುತ್ತದೆ.

ಜೂನ್ 14

ಬೇಡ ಅನ್ನಿಸುತ್ತಿದೆ. ವಯಸ್ಸು ಮೀರಿದ್ದು ಮೀರಿತು. ಸುಮ್ಮನೆ ಯಾಕೆ…

ಜೂನ್ 24, ಸಂಜೆ

ಇಷ್ಟು ದಿನ ಬರೆಯುವ ಮನಸ್ಸಾಗಲಿಲ್ಲ. ಇವತ್ತು ಮಗಳೇ ದಬ್ಬಿ ಕಳಿಸಿದಳು, ಹಳೇ ಸಂಜೆ ಕಾಲೇಜಿಗೆ, ಒಬ್ಬಳನ್ನೇ. "ಪ್ರಾಸ್ಪೆಕ್ಟಸ್ ಬಿಡಮ್ಮ, ಟಾಯ್ಲೆಟ್ ನೋಡ್ಕೊಂಡು ಬಾ."

ನೋಡಿದೆ. ಚಿಲಕ ಬೀಳುತ್ತದೆ, ನೀರು ಬರುತ್ತದೆ. ಗೋಡೆಯ ಬಣ್ಣದ ಸುದ್ದಿ ಬೇಡ.

ಹಿಸ್ಟರಿ ಮೇಡಂ ಕೊನೇ ಬೆಂಚಲ್ಲಿ ಕೂರಲು ಬಿಟ್ಟರು. ಹಳೇ ಕಾಲದ ಪತ್ರಿಕೆಗಳಲ್ಲಿ ಹೆಂಗಸರ ಬರವಣಿಗೆ ಯಾಕೆ ಅಷ್ಟು ಕಮ್ಮಿ — ಅವರ ಪ್ರಶ್ನೆ. ಕೈ ಎತ್ತಿದೆ. "ಆಗ ಅವರು ಬರೀತಾನೇ ಇರಲಿಲ್ಲ ಮೇಡಂ."

ಮುಂದಿನ ಬೆಂಚಿನ ಗುಂಗುರುಕೂದಲು ತಟ್ಟನೆ ತಿರುಗಿತು. "ನಾನು ಒಪ್ಪಲ್ಲ. ಬರೀತಿದ್ರು, ಯಾರೂ ಎತ್ತಿಡಲಿಲ್ಲ. ಬರೀತಿರಲಿಲ್ಲ ಅಂತ ನಿಮಗೆ ಹೇಗೆ ಗೊತ್ತು?"

ಮುಖ ಕೆಂಡವಾಯಿತು. ನನ್ನ ಮಗಳಿಗಿಂತ ಚಿಕ್ಕವಳು! ಮೇಡಂ ಸಹಾಯಕ್ಕೆ ಬರಲಿಲ್ಲ. "ಉತ್ತರ ಕೊಡಿ" ಎಂದರು, ಅಷ್ಟೇ.

"ಬರೆದಿದ್ರೆ ಒಂದಷ್ಟಾದ್ರೂ ಸಿಗಬೇಕಿತ್ತಲ್ಲಮ್ಮ?"

"ಹುಡುಕಿದವರು ಯಾರು?"

ಕ್ಲಾಸ್ ಬಿಟ್ಟಾಗ ಯಾರ ಮುಖವನ್ನೂ ನೋಡದೆ ಬಸ್‌ಸ್ಟಾಪಿಗೆ ನಡೆದೆ. ಹಿಂದಿನಿಂದ ಓಡುವ ಸದ್ದು. ಅವಳೇ. ಸಾರಿ ಕೇಳಲು ಬಂದಳು ಅಂದುಕೊಂಡೆ.

"ಎಲ್ಲಿಗೆ ಹೊರಟ್ರಿ? ನಮ್ಮ ಮಾತು ಇನ್ನೂ ಮುಗಿದಿಲ್ಲ!"

ಎರಡು ಬಸ್ ತಪ್ಪಿದವು. ಅವಳು ಸೋಲಲಿಲ್ಲ. ನಾನೂ.

ಜೂನ್ 25

ಡಾಕ್ಟರಿಗೆ ಹೇಳಿ ಆಯಿತು. ಸಂಜೆ ಕಾಲೇಜೇ.

ಇವರಿಗೆ ಅರ್ಥವೇ ಆಗುತ್ತಿಲ್ಲ. "ಜ್ಯೂಸು ಕೊಟ್ಟ ಕಡೆ ಬೇಡ, ಜಗಳ ಆಡಿದ ಕಡೆ ಬೇಕಾ?"

"ಹೂಂ ರೀ. ಅಲ್ಲಿ ನನ್ನ ವಯಸ್ಸಿಗೆ ಚಪ್ಪಾಳೆ ಹೊಡೆದ್ರು. ಇಲ್ಲಿ ನಾನು ಹೇಳಿದ್ದನ್ನ ಕೇಳಿಸ್ಕೊಂಡ್ರು."

ಇವರು ಎದ್ದು ಅಡುಗೆಮನೆಯ ಲೈಟು ಹಾಕಿದರು. ಆಮೇಲೆ, "ಹಾಗಾದ್ರೆ ಸಂಜೆ ಅಡುಗೆ ನಂದು. ಅದಕ್ಕೂ ಯಾರೂ ಚಪ್ಪಾಳೆ ಹೊಡೀಬೇಡಿ."

ಆಗಸ್ಟ್ 19, ಕಾಲೇಜು ಮೆಟ್ಟಿಲು

ಗುಂಗುರುಕೂದಲಿನವಳಿಗೂ ನನಗೂ ಸೇರಿ ಒಂದೇ ಪ್ರಬಂಧ. ಮೇಡಂ ಬೇಕೆಂದೇ ಜೋಡಿ ಮಾಡಿದ್ದು, ಗೊತ್ತು. ನಾನು ಬರೆದ ಮೊದಲ ಪ್ಯಾರಾ ಅವಳು ಹೊಡೆದು ಹಾಕಿದಳು. ಅವಳ ಎರಡನೆಯದನ್ನು ನಾನು. ದನಿ ಏರಿತೆಂದು ಲೈಬ್ರರಿಯವರು ಇಬ್ಬರನ್ನೂ ಹೊರಗೆ ಕಳಿಸಿದರು — ಈ ವಯಸ್ಸಿನಲ್ಲಿ! ನಕ್ಕು ನಕ್ಕು ಹೊಟ್ಟೆ ಹಿಡಿದುಕೊಂಡು ಕೂತೆವು. ಟೀ ತರಲು ಹೋಗಿದ್ದಾಳೆ.

ಅಗೋ, ಬಂದಳು. ಎರಡೂ ಕೈಯಲ್ಲಿ ಲೋಟ. ದೂರದಿಂದಲೇ ಅಲ್ಲ ಅಲ್ಲ ಎಂದು ತಲೆ ಆಡಿಸುತ್ತಿದ್ದಾಳೆ. ಏನೋ ಹೊಳೆದಿರಬೇಕು. ಬರಲಿ. ನನ್ನ ಹತ್ತಿರವೂ—